ಸೂಲಗಿತ್ತಿಯ ಎಣಿಕೆ

ಪಂಜರದ ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ ದುಂಡಗೆ ‘ಮೂರು’ ಎಂದು ಬರೆದಿತ್ತು. ಸಂಶೋಧಕಿ ಬಗ್ಗಿ ಇನ್ನೊಮ್ಮೆ ಓದಿದಳು. ಡಬ್ಬಿಯೊಳಗೆ ತಾಯಿ ಇಲಿ ಹರಿದ ಕಾಗದದ ಗೂಡಿನಲ್ಲಿ ಮುದುಡಿ ಮಲಗಿತ್ತು. ಅದರ ಹೊಟ್ಟೆಯಡಿ ಒಂಬತ್ತು ಮರಿಗಳು, ಒಂದರ ಮೇಲೊಂದು, ಬೆರಳ ತುದಿಯಷ್ಟೇ ದೊಡ್ಡ ಕೆಂಪು ಜೀವಗಳು. ಇವು ಹುಟ್ಟಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಸೋಮವಾರ ಬೆಳಿಗ್ಗೆ ಅವಳು ಒಳಗೆ ಬಂದಾಗ ಐದು ಹೊರಬಂದಿದ್ದವು, ಆರನೆಯದು ಬರುತ್ತಿತ್ತು. ಇವತ್ತು ಬುಧವಾರ.

“ಅಕ್ಕಾ, ಇವು ಎರಡು ದಿನದವಲ್ವಾ?”

ಮೂಲೆಯ ತೊಟ್ಟಿಯಲ್ಲಿ ನೀರಿನ ಬಾಟಲಿಗಳನ್ನು ತೊಳೆಯುತ್ತಿದ್ದ ಇಲಿಮನೆಯ ಕೆಲಸದವಳು, ಇಲಿಗಳ ಬಾಣಂತನ ಮಾಡುವಳೆಂದು ಎಲ್ಲರ ಬಾಯಲ್ಲಿ ಸೂಲಗಿತ್ತಿ, ತಿರುಗಿ ಕೂಡ ನೋಡಲಿಲ್ಲ. “ಮೂರು.”

“ಸೋಮವಾರ ತಾನೇ ಹುಟ್ಟಿದ್ದು?”

“ಸೋಮವಾರ ಒಂದು, ಮಂಗಳವಾರ ಎರಡು, ಬುಧವಾರ ಮೂರು. ಅಷ್ಟೆಲ್ಲಾ ಓದಿದೀಯ, ಬೆರಳು ಮಡಿಸೋಕೆ ಬರಲ್ವಾ?” ಬಾಟಲಿಯನ್ನು ಒದರಿ ಕವುಚಿ ಹಾಕಿ ಅವಳು ಈಗ ತಿರುಗಿದಳು. “ಅದ್ಯಾಕಮ್ಮಾ ಚೀಟೀನ ಹಾಗೆ ನೋಡ್ತೀಯ? ಅದೇನು ನಿನ್ನ ಲಗ್ನಪತ್ರಿಕೆನಾ?”

ಸಂಶೋಧಕಿ ನಕ್ಕಳು. ನಗು ಅರ್ಧಕ್ಕೇ ನಿಂತುಹೋಯಿತು.

ಸಂಶೋಧಕರ ಕಸುಬಿನಲ್ಲಿ ಮರಿ ಹುಟ್ಟಿದ ದಿನ ಸೊನ್ನೆ. ಮರುದಿನ ಒಂದು. ಇದು ಎಲ್ಲರಿಗೂ ಗೊತ್ತಿರುವ ಸಂಗತಿ, ಆದ್ದರಿಂದಲೇ ಯಾರೂ ಯಾರಿಗೂ ಹೇಳುವುದಿಲ್ಲ. ಪಕ್ಕದ ಕೋಣೆಯ ಇಲಿಗಳನ್ನು ನೋಡಿಕೊಳ್ಳುತ್ತಿದ್ದ ತರಬೇತಿ ಪಡೆದ ಮನುಷ್ಯ ಕಂಪ್ಯೂಟರಿನಲ್ಲಿ ಅಚ್ಚು ಹಾಕಿದ ಚೀಟಿ ಅಂಟಿಸುತ್ತಿದ್ದ. ಅವನ ಚೀಟಿಗಳು ಸೊನ್ನೆಯಿಂದ ಶುರುವಾಗುತ್ತಿದ್ದವು. ಸೂಲಗಿತ್ತಿಯದು ಕೈಬರಹ, ಒಂದರಿಂದ. ಮೂರು ವರ್ಷದಿಂದ ಎರಡೂ ಕೋಣೆಗಳ ಮರಿಗಳನ್ನು ಸಂಶೋಧಕಿ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕೂರಿಸುತ್ತ ಬಂದಿದ್ದಳು.

ಅವಳು ನೋಡುತ್ತಿದ್ದದ್ದು ಕಿರುಮೆದುಳು. ತಲೆಯ ಹಿಂಭಾಗದಲ್ಲಿ, ಕತ್ತಿನ ಮೇಲೆ ಕೂತ ಮಡಿಕೆ ಮಡಿಕೆಯ ಪುಟ್ಟ ಭಾಗ. ಉದ್ದಕ್ಕೆ ಸೀಳಿದರೆ ಜರೀಗಿಡದ ಎಲೆಯಂತೆ ಕಾಣುತ್ತದೆ. ಬೀಳದೆ ನಿಲ್ಲುವುದು, ತಪ್ಪದೆ ಹೆಜ್ಜೆ ಇಡುವುದು, ಲೋಟವನ್ನು ಸರಿಯಾಗಿ ತುಟಿಗೇ ಒಯ್ಯುವುದು ಅದರ ಉಸ್ತುವಾರಿ. ಹುಟ್ಟಿದ ಇಲಿಮರಿಯಲ್ಲಿ ಅದಿನ್ನೂ ಅರೆಕಟ್ಟಿದ ಮನೆ. ಸಣ್ಣ ನರಕೋಶಗಳು ಹೊರಮೈಯಲ್ಲಿ ಒತ್ತಾಗಿ ಸೇರಿ, ಒಂದು ಎರಡಾಗಿ, ಎರಡು ನಾಲ್ಕಾಗಿ, ದಿನ ಕಳೆದಂತೆ ಒಂದೊಂದಾಗಿ ಒಳಗಿಳಿಯುತ್ತವೆ. ದಾರಿಯಲ್ಲಿ ದೊಡ್ಡ ಕೋಶಗಳ ಒಂಟಿ ಸಾಲೊಂದಿದೆ. ಅದನ್ನು ದಾಟಿ ಕೆಳಗೆ ತಮ್ಮ ಜಾಗ ಸೇರಬೇಕು. ಎಷ್ಟು ಹೆಚ್ಚಬೇಕು, ಎಲ್ಲಿಗೆ ನಿಲ್ಲಿಸಬೇಕು, ಯಾವ ಗಳಿಗೆಯಲ್ಲಿ ಹೊರಡಬೇಕು ಎಂಬ ಅಪ್ಪಣೆ ಕೊಡುವುದು ಜೀನುಗಳು. ಐದು ವರ್ಷ ನೋಡಿದರೂ ಅವಳಿಗೆ ಆ ಬೆರಗು ಇಳಿದಿರಲಿಲ್ಲ. ಮೇಸ್ತ್ರಿಯೇ ಇಲ್ಲದ ಕಟ್ಟಡ. ಇಟ್ಟಿಗೆಗಳು ತಾವೇ ಎದ್ದು ನಡೆದುಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂರುವ ಕಟ್ಟಡ.

ಅಂಥದೊಂದು ಜೀನು ಇಲ್ಲದೆ ಹುಟ್ಟಿದ ಮರಿಗಳು ನಡೆಯಲು ಕಲಿತಾಗ ತೂರಾಡುತ್ತಿದ್ದವು. ಅವುಗಳಲ್ಲಿ ಸಣ್ಣ ಕೋಶಗಳು ಒಂದು ದಿನ ತಡವಾಗಿ ಹೊರಡುತ್ತವೆ ಎಂಬುದು ಅವಳು ಕಂಡುಕೊಂಡ ಸತ್ಯ. ಆರನೆಯ ದಿನ, ಎಂಟನೆಯ ದಿನ, ಹತ್ತನೆಯ ದಿನ, ಹನ್ನೆರಡನೆಯ ದಿನ, ಯಾವಾಗ ನೋಡಿದರೂ ಸೂಲಗಿತ್ತಿಯ ಕೋಣೆಯ ತೂರಾಡುವ ಮರಿಯ ಹೊರಪದರ ಪಕ್ಕದ ಕೋಣೆಯ ಸರಿಯಿರುವ ಮರಿಯದಕ್ಕಿಂತ ನಿಖರವಾಗಿ ಒಂದು ದಿನ ಹಿಂದೆ. ನಕ್ಷೆಯ ಎರಡು ಗೆರೆಗಳು ಅಣ್ಣತಮ್ಮಂದಿರಂತೆ ಒಂದರ ಹಿಂದೊಂದು ನಡೆದಿದ್ದವು. “ಇಷ್ಟು ಅಚ್ಚುಕಟ್ಟಾದ ಗೆರೆ ನಾನು ನೋಡಿಲ್ಲ,” ಎಂದಿದ್ದರು ಅವಳ ಮಾರ್ಗದರ್ಶಕಿ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ. ಬರೆದ ಪ್ರಬಂಧ ಶುಕ್ರವಾರ ಪತ್ರಿಕೆಗೆ ಹೋಗಬೇಕಿತ್ತು. ಅದು ಅಚ್ಚಾದರೆ ಪದವಿ. ಪದವಿಗೆ ಉಳಿದದ್ದು ಏಳು ತಿಂಗಳು.

ಇಲಿಮನೆಯಿಂದ ಮೇಲೆ ಬಂದವಳು ಎರಡು ಗೆರೆಗಳನ್ನು ಎರಡು ಪಾರದರ್ಶಕ ಹಾಳೆಗಳ ಮೇಲೆ ಬೇರೆಬೇರೆಯಾಗಿ ಮುದ್ರಿಸಿಕೊಂಡಳು. ಕಿಟಕಿಯ ಗಾಜಿಗೆ ಅವನ್ನು ಒತ್ತಿ ಹಿಡಿದು, ತೂರಾಡುವ ಮರಿಗಳ ಹಾಳೆಯನ್ನು ಒಂದು ಚೌಕದಷ್ಟು ಎಡಕ್ಕೆ ಸರಿಸಿದಳು. ಗೆರೆಗಳು ಒಂದರ ಮೇಲೊಂದು ಕೂತವು. ಎರಡನೆಯದು ಎಲ್ಲಿ ಹೋಯಿತೆಂದು ಹುಡುಕಬೇಕಾದಷ್ಟು ಸರಿಯಾಗಿ ಕೂತವು. ಹೊರಗೆ ರಸ್ತೆಯಲ್ಲಿ ಯಾರೋ ಸೈಕಲ್ಲಿನ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು. ಅವಳು ಹಾಳೆಗಳನ್ನು ಬೇರ್ಪಡಿಸಿ ಮತ್ತೊಮ್ಮೆ ಕೂರಿಸಿ ನೋಡಿದಳು: ಆ ಒಂದು ದಿನದ ತಡ ಕೋಶಗಳದಲ್ಲ, ಚೀಟಿಯದು.

ಸಂಜೆ ಅಡುಗೆಮನೆಯಲ್ಲಿ ಅತ್ತೆ ಬಟಾಣಿ ಬಿಡಿಸುತ್ತಿದ್ದರು. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವರು. ಕೈಗಳಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಶಾಲೆಯಲ್ಲಿ ಆಟ ಕಲಿಸುವ ಗಂಡ ಅಮ್ಮನ ಪಕ್ಕ ಕೂತು ಬಿಡಿಸಿದ್ದಕ್ಕಿಂತ ಹೆಚ್ಚು ತಿನ್ನುತ್ತಿದ್ದ.

“ಅತ್ತೆ, ನಿಮ್ಮ ವಾರ್ಡಲ್ಲಿ ಮಗು ಹುಟ್ಟಿದ ದಿನಾನ ಏನಂತ ಬರೀತಿದ್ರಿ?”

“ಒಂದನೇ ದಿನ ಅಂತ. ಇನ್ನೇನು ಬರೀತಾರೆ?”

“ಸೊನ್ನೆ ಅಂತ ಬರೀತಿರಲಿಲ್ವಾ?”

“ಅದು ಆಪರೇಷನ್ ವಾರ್ಡಲ್ಲಿ. ಕತ್ತರಿ ಹಾಕಿದ ದಿನ ಸೊನ್ನೆ. ಅಲ್ಲಿಂದ ಹೊಸ ಡಾಕ್ಟರು ನಮ್ಮ ಕಡೆ ಬಂದ್ರೆ ಒಂದು ವಾರ ಜಗಳಾನೇ. ಹೊಟ್ಟೆ ಕೊಯ್ದು ತೆಗೆದ ಕೂಸಿಗೆ ಒಂದನೇ ದಿನ, ಅದರ ತಾಯಿಗೆ ಸೊನ್ನೆ ದಿನ. ಇಬ್ರೂ ಒಂದೇ ಮಂಚದ ಮೇಲೆ.”

“ಸೊನ್ನೆಗೂ ಒಂದಕ್ಕೂ ಏನು ವ್ಯತ್ಯಾಸ ಅಂತ ನಮ್ಮ ಸ್ಕೂಲ್ ಟೀಮನ್ನ ಕೇಳು,” ಎಂದ ಗಂಡ. “ವರ್ಷವೆಲ್ಲಾ ಸೊನ್ನೆ ಹೊತ್ಕೊಂಡು ಮನೆಗೆ ಬರ್ತಾವೆ.”

ಅವಳು ನಗಲಿಲ್ಲ. ಒಂದೊಂದಾಗಿ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಮೂರು ವರ್ಷದ ಕೆಲಸ ಇಷ್ಟು ಸಣ್ಣ ಮಾತಿನಲ್ಲಿ ಮುಗಿಯುತ್ತದಲ್ಲ ಎನಿಸಿತು. ಗಂಡ ಕೈಯಲ್ಲಿದ್ದ ಕಾಳನ್ನು ಬಟ್ಟಲಿಗೆ ಹಾಕಿದ.

“ಹೇಳದೇ ಇದ್ರೆ ಯಾರಿಗಾದ್ರೂ ಗೊತ್ತಾಗುತ್ತಾ?” ಕೆಣಕುವುದಕ್ಕಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ್ದ.

“ಈಗ ಗೊತ್ತಾಗಲ್ಲ. ಆಮೇಲೆ ಎಲ್ಲೋ ಯಾರೋ ಇದನ್ನ ಓದಿ ತಾವೂ ಮಾಡಿ ನೋಡ್ತಾರೆ. ಅವರಿಗೆ ಈ ಫಲಿತಾಂಶ ಬರಲ್ಲ. ಮತ್ತೆ ಮಾಡ್ತಾರೆ, ಮತ್ತೆ ಬರಲ್ಲ. ತಮ್ಮ ಕೈಯೇ ಸರಿಯಿಲ್ಲ ಅಂದ್ಕೊಳ್ತಾರೆ.”

ಅತ್ತೆ ಸಿಪ್ಪೆಗಳನ್ನು ಒಟ್ಟುಮಾಡುತ್ತ ಕೇಳಿದರು: “ತಪ್ಪು ಯಾರದು ಅಂತ ಬರೀಬೇಕಾ?”

ಬರೆಯಬೇಕಿತ್ತು. ಪ್ರಯೋಗಶಾಲೆಯಲ್ಲಿ ಕೆಂಪು ಹೊದಿಕೆಯ ತಪ್ಪಿನ ಪುಸ್ತಕವೊಂದಿತ್ತು. ದೊಡ್ಡ ಮೇಡಂ ಮಾಡಿದ ಕಟ್ಟಳೆ. ತಾರೀಕು, ಏನಾಯಿತು, ಹೇಗೆ ತಿಳಿಯಿತು, ಯಾರಿಂದ ಎಂದು ನಾಲ್ಕು ಮನೆಗಳು. ಸೂಲಗಿತ್ತಿಯ ಕೆಲಸ ವರ್ಷ ವರ್ಷ ಸಹಿಯಾಗಿ ಮುಂದುವರಿಯುವಂಥದು. ಓದಿದ್ದು ಏಳನೇ ತರಗತಿ. ಇಲಿಮನೆಗೆ ತರಬೇತಿ ಪಡೆದವರನ್ನೇ ತೆಗೆದುಕೊಳ್ಳಬೇಕೆಂದು ಆಡಳಿತದವರು ಹೋದ ವರ್ಷವೇ ತಗಾದೆ ತೆಗೆದಿದ್ದರು. ಅವಳನ್ನು ಬಿಡಿಸಲು ಅವರಿಗೆ ಬೇಕಾದದ್ದು ಒಂದೇ ಒಂದು ಬರಹ. ಚೀಟಿಯಲ್ಲಿ ದಿನ ತಪ್ಪಾಗಿ ನಮೂದಾಗಿದೆ ಎಂದು ಬರೆದರೆ ಸುಳ್ಳೇನೂ ಆಗುತ್ತಿರಲಿಲ್ಲ.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ,” ಎಂದರು ಅತ್ತೆ. “ನೋಡ್ಕೊಂಡು ಬರಿ.”

ಗುರುವಾರ ಬೆಳಿಗ್ಗೆ ಅವಳು ಇಲಿಮನೆಗೆ ಹೋದಾಗ ಸೂಲಗಿತ್ತಿ ಮರಿಗಳಿಗೆ ಸಂಖ್ಯೆ ಹಾಕುತ್ತಿದ್ದಳು. ಹುಟ್ಟಿದ ನಾಲ್ಕನೆಯ ದಿನ, ಅವಳ ಎಣಿಕೆಯಲ್ಲಿ, ಒಂದೊಂದು ಮರಿಯ ಪಾದಕ್ಕೂ ಸೂಜಿಮೊನೆಯಿಂದ ಮಸಿ ಚುಚ್ಚಿ ಗುರುತು ಮಾಡುವುದು ಪದ್ಧತಿ. ಮಸಿ ಚುಚ್ಚುವ ಮುನ್ನ ಅವಳು ಪ್ರತಿಯೊಂದನ್ನೂ ಅಂಗೈ ಮೇಲೆ ಬೆನ್ನಡಿಯಾಗಿ ಮಲಗಿಸಿ, ಅದು ಮಗುಚಿಕೊಳ್ಳುವವರೆಗೆ ಕಾಯುತ್ತಿದ್ದಳು. ಸಂಶೋಧಕಿ ಇದನ್ನು ನೂರು ಸಲ ನೋಡಿದ್ದಳು. ಮುದ್ದು ಮಾಡುತ್ತಾಳೆ ಎಂದುಕೊಂಡಿದ್ದಳು.

“ಅಕ್ಕಾ, ನೀವು ದಿನ ಎಣಿಸೋದು ಒಂದರಿಂದ. ಪಕ್ಕದ ಕೋಣೇಲಿ ಸೊನ್ನೆಯಿಂದ. ನಾನು ಇದನ್ನ ಗಮನಿಸಿರಲಿಲ್ಲ.”

ಸೂಲಗಿತ್ತಿ ಸೂಜಿ ಕೆಳಗಿಟ್ಟಳು. “ನನ್ನ ಲೆಕ್ಕ ತಪ್ಪಾಯ್ತಾ?”

“ತಪ್ಪಲ್ಲ. ಬೇರೆ.”

“ಓದಿದೋರು ಬೇರೆ ಅಂದ್ರೆ ತಪ್ಪು ಅಂತಾನೇ.” ಕೈಯಲ್ಲಿದ್ದ ಮರಿಯನ್ನು ಗೂಡಿಗೆ ಸೇರಿಸಿದಳು. “ಹುಟ್ಟಿದ್ದನ್ನ ಸೊನ್ನೆ ಅಂತ ಹೇಗಮ್ಮಾ ಬರೀಲಿ? ಸೊನ್ನೆ ಅಂದ್ರೆ ಇಲ್ಲ ಅಂತ. ಇದು ಇದೆಯಲ್ಲ, ಹಾಲು ಕುಡೀತಿದೆಯಲ್ಲ.” ಆಮೇಲೆ ದನಿ ತಗ್ಗಿಸಿ, “ಈ ತಿಂಗಳ ಕೊನೇಲಿ ನಂದು ಸಹಿ ಆಗ್ಬೇಕು. ನಿನಗೆ ಗೊತ್ತು ತಾನೆ?” ಎಂದಳು.

“ಗೊತ್ತು.”

ಸಂಶೋಧಕಿ ಚೀಟಿಯತ್ತ ನೋಡಿದಳು. ಒಂದರಿಂದ ಒಂಬತ್ತರವರೆಗೆ ಮರಿಗಳ ಸಂಖ್ಯೆ, ಅವುಗಳಲ್ಲಿ ಎರಡು ಸಂಖ್ಯೆಗಳ ಪಕ್ಕ ಒಂದೊಂದು ಚುಕ್ಕಿ. ಇಂಥ ಚುಕ್ಕಿಗಳನ್ನು ಅವಳು ಹಿಂದೆಯೂ ನೋಡಿದ್ದಳು. ಪೆನ್ನು ಸರಿಯಿಲ್ಲ ಅಂದುಕೊಂಡಿದ್ದಳು.

“ಇದೇನಕ್ಕಾ, ಚುಕ್ಕಿ?”

“ಅದು ನನಗೆ. ನಿಮ್ಮ ಲೆಕ್ಕಕ್ಕಲ್ಲ.”

“ಆದ್ರೂ.”

“ಹಿಂದೆ ಬೀಳೋವು ಅವು.” ಸೂಲಗಿತ್ತಿ ಚುಕ್ಕಿಯ ಮರಿಯೊಂದನ್ನು ಎತ್ತಿ ಅಂಗೈ ಮೇಲೆ ಬೆನ್ನಡಿಯಾಗಿ ಮಲಗಿಸಿದಳು. “ನೋಡು. ಬೇರೆ ಮರಿಗಳು ಮಗುಚೋವಾಗ ಮೊದಲು ಸೊಂಟ ತಿರುಗಿಸ್ತಾವೆ, ಆಮೇಲೆ ತಲೆ ಹಿಂದೇನೇ ಬರುತ್ತೆ. ಇದು ತಲೆ ಎತ್ತುತ್ತೆ, ಮತ್ತೆ ಇಡುತ್ತೆ, ಮತ್ತೆ ಎತ್ತುತ್ತೆ. ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಇದಕ್ಕೆ ಗೊತ್ತಿಲ್ಲ. ಇಂಥವನ್ನ ಬೇರೆಯವು ತಳ್ಳಿಬಿಡ್ತಾವೆ, ಹಾಲು ಸಿಗಲ್ಲ. ಅದಕ್ಕೆ ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಎರಡು ಸಲ, ಮನೆಗೆ ಹೋಗೋ ಮುಂಚೆ ಒಂದ್ಸಲ ನಾನೇ ಎತ್ತಿ ಅಮ್ಮನ ಹೊಟ್ಟೆಗೆ ಇಡ್ತೀನಿ. ಮರೀಬಾರದು ಅಂತ ಚುಕ್ಕಿ.”

ಸಂಶೋಧಕಿ ಪಕ್ಕದ ಸ್ಟೂಲಿನ ಮೇಲೆ ಕೂತಳು.

ಮೂರು ವರ್ಷದ ಹಿಂದೆ ತೂರಾಡುವ ಮರಿಗಳನ್ನು ಮೊದಲು ಸಾಕಿದ್ದು ಪಕ್ಕದ ಕೋಣೆಯಲ್ಲೇ. ಅಲ್ಲಿ ಎಲ್ಲವೂ ನಿಯಮದ ಪ್ರಕಾರ ನಡೆಯುತ್ತಿತ್ತು, ಆದರೂ ಒಂದು ಮರಿಯೂ ವಾರ ದಾಟಲಿಲ್ಲ. ಕೊನೆಗೆ ಆ ವಂಶವನ್ನು ಸೂಲಗಿತ್ತಿಯ ಕೋಣೆಗೆ ತಂದಾಗ ಬದುಕತೊಡಗಿದವು. ಯಾಕೆಂದು ಯಾರೂ ಕೇಳಲಿಲ್ಲ. ಗಾಳಿ ಸರಿಯಿರಬೇಕು, ಸದ್ದು ಕಡಿಮೆಯಿರಬೇಕು ಎಂದುಕೊಂಡರು. ಅವಳ ಕೋಣೆಯ ಸರಿಯಿರುವ ಮರಿಗಳು ವಂಶ ಮುಂದುವರಿಸಲು ಬೇಕಿದ್ದರಿಂದ ಹೋಲಿಕೆಗೆ ಬೇಕಾದವನ್ನು ಪಕ್ಕದ ಕೋಣೆಯಿಂದ ತೆಗೆದುಕೊಂಡರು. ಹೀಗೆ ಒಂದು ಕಡೆ ಸೊನ್ನೆ, ಒಂದು ಕಡೆ ಒಂದು. ಈ ಹೆಂಗಸು ದಿನಕ್ಕೆ ನಾಲ್ಕು ಸಲ ಅವನ್ನು ಎತ್ತಿ ಹಾಲಿಗೆ ಇಡದಿದ್ದರೆ ತಪ್ಪಾಗಲಿಕ್ಕೂ ಮರಿಗಳು ಇರುತ್ತಿರಲಿಲ್ಲ.

“ಹಳೇ ಚೀಟಿಗಳನ್ನ ಏನು ಮಾಡ್ತೀರ, ಅಕ್ಕಾ?”

“ಬಿಸಾಕೋಕೆ ಮನಸ್ಸು ಬರಲ್ಲ.” ಸೂಲಗಿತ್ತಿ ಬೀರುವಿನ ಕೆಳಗಿನಿಂದ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಿಯೊಂದನ್ನು ಎಳೆದಳು. “ಯಾರಾದ್ರೂ ಕೇಳಿದ್ರೆ ಇಲಿಗಳ ಜಾತಕ ಅಂತ ಹೇಳ್ಬೇಡ ಮತ್ತೆ.”

ಮಧ್ಯಾಹ್ನವೆಲ್ಲಾ ಅವಳು ಚೀಟಿಗಳನ್ನು ಮೇಜಿನ ತುಂಬ ಹರಡಿಕೊಂಡು ಕೂತಳು. ಯಾವ ಮರಿಗೆ ಆ ಜೀನು ಇದೆ, ಯಾವುದಕ್ಕೆ ಇಲ್ಲ ಎಂಬುದು ಬಾಲದ ತುದಿಯ ಪರೀಕ್ಷೆಯಿಂದ ತಿಳಿಯುತ್ತಿತ್ತು. ಅದರ ಫಲಿತಾಂಶ ಬರುವ ಹೊತ್ತಿಗೆ ಮರಿಗೆ ಹತ್ತಿರ ಹತ್ತಿರ ಹತ್ತು ದಿನ ತುಂಬುತ್ತಿತ್ತು. ಆ ಫಲಿತಾಂಶಗಳ ಪುಸ್ತಕವನ್ನು ಬಲಕ್ಕಿಟ್ಟು, ಚೀಟಿಗಳನ್ನು ಎಡಕ್ಕಿಟ್ಟು ತಾಳೆ ನೋಡಿದಳು. ಜೀನು ಇಲ್ಲದ ಎಪ್ಪತ್ತೊಂದು ಮರಿಗಳಲ್ಲಿ ಅರವತ್ತಾರಕ್ಕೆ ಚುಕ್ಕಿ ಇತ್ತು. ಸರಿಯಿದ್ದವುಗಳಲ್ಲಿ ಚುಕ್ಕಿ ಬಿದ್ದದ್ದು ನಾಲ್ಕಕ್ಕೆ ಮಾತ್ರ. ಅವಳು ಎರಡನೆಯ ಸಲ ತಾಳೆ ನೋಡಿದಳು, ಅವಳ ಸ್ವಭಾವವೇ ಹಾಗೆ. ಮೂರನೆಯ ಸಲವೂ ನೋಡಿದಳು. ನಾಲ್ಕನೆಯ ದಿನ, ಒಂದು ಅಂಗೈ, ಎರಡು ಕಣ್ಣು. ಬೇರೆ ಉಪಕರಣವೇ ಇಲ್ಲ.

ನಾಲ್ಕನೆಯ ದಿನವೇ ಕಾಣುತ್ತದೆಂದರೆ ಕೆಟ್ಟದ್ದು ಅದಕ್ಕೂ ಮುಂಚೆ. ಸಣ್ಣ ಕೋಶಗಳು ಇಳಿಯಲು ಶುರುಮಾಡುವ ಹೊತ್ತಿಗೆ ಆಗಬೇಕಾದ ಅನಾಹುತ ಆಗಿಹೋಗಿರುತ್ತದೆ. ಆ ದಿನಗಳಲ್ಲಿ ನಡೆಯುವುದು ಬೇರೆ ಕೆಲಸ: ರಾಶಿಯಾಗಿ ಬಿದ್ದಿದ್ದ ದೊಡ್ಡ ಕೋಶಗಳು ಎದ್ದು ಒಂದೇ ಸಾಲಾಗಿ ನಿಲ್ಲುವುದು. ಅವಳು ಆ ದಿನಗಳ ಒಂದೂ ಸ್ಲೈಡು ಮಾಡಿರಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ದೊಡ್ಡ ಮೇಡಂ ಕೋಣೆಯಲ್ಲಿ ಅವಳು ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟು ಒಂದನ್ನು ಸರಿಸಿ ತೋರಿಸಿದಳು. ದೊಡ್ಡ ಮೇಡಂ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು, ತಾವೇ ಹಾಳೆಯನ್ನು ಹಿಂದಕ್ಕೆ ಸರಿಸಿ ಮತ್ತೆ ಮುಂದಕ್ಕೆ ತಂದರು.

“ಹುಟ್ಟಿದ ದಿನ,” ಎಂದರು.

“ಹೌದು ಮೇಡಂ.”

“ಇಷ್ಟು ಅಚ್ಚುಕಟ್ಟು ಅಂದಾಗ್ಲೇ ನನಗೆ ಭಯ ಆಗಬೇಕಿತ್ತು. ಖುಷಿ ಆಯ್ತು.” ಅವರು ಕೆಂಪು ಪುಸ್ತಕವನ್ನು ಇವಳತ್ತ ತಳ್ಳಿದರು. “ಬರಿ.”

ಅವಳು ತಾರೀಕು ಬರೆದಳು. ಏನಾಯಿತು ಎಂಬ ಮನೆಯಲ್ಲಿ ಎರಡು ಸಾಲು, ಹೇಗೆ ತಿಳಿಯಿತು ಎಂಬಲ್ಲಿ ಒಂದು. ನಾಲ್ಕನೆಯದಕ್ಕೆ ಬಂದಾಗ ಪೆನ್ನು ನಿಂತಿತು. ಆಡಳಿತದ ಗುಮಾಸ್ತರು ವರ್ಷಕ್ಕೊಮ್ಮೆ ಈ ಪುಸ್ತಕವನ್ನು ತಿರುವಿ ಹಾಕುತ್ತಾರೆ. ತನ್ನ ಮುಂದಿನ ಅರ್ಜಿಗೆ ಇದೇ ಪುಟ ಅಡ್ಡ ಬರಬಹುದು. ಏಳು ತಿಂಗಳು, ಮತ್ತೆ ಮೊದಲಿನಿಂದ. ‘ನನ್ನಿಂದ’ ಎಂದು ಬರೆದಳು. ಅದರ ಕೆಳಗೆ ಇನ್ನೂ ಚಿಕ್ಕದಾಗಿ, ‘ಎಲ್ಲಿಂದ ಎಣಿಸುತ್ತೀರಿ ಎಂದು ಕೇಳಲಿಲ್ಲ’.

ದೊಡ್ಡ ಮೇಡಂ ತಲೆಕೆಳಗಾಗಿಯೇ ಅದನ್ನು ಓದಿದರು. “ಚೀಟಿ ಬರೆಯೋರಿಗೆ ಯಾರು ಹೇಳಿಕೊಟ್ಟಿದ್ದು?”

“ಯಾರೂ ಇಲ್ಲ.”

“ಹೂಂ.” ಪುಸ್ತಕ ತೆಗೆದುಕೊಂಡು, ಅವಳ ಸಾಲಿನ ಕೆಳಗೆ ತಮ್ಮ ಹೆಸರಿನ ಮೊದಲಕ್ಷರ ಹಾಕಿ, ‘ನಾನೂ ಕೇಳಲಿಲ್ಲ’ ಎಂದು ಬರೆದು ಮುಚ್ಚಿದರು. “ಪ್ರಬಂಧ ಹೋಗಲ್ಲ. ಅದು ಸತ್ತುಹೋಯ್ತು, ಬಿಡು. ಈಗ ಏನು ಉಳೀತು ಹೇಳು.”

“ತೂರಾಡೋದು ಉಳೀತು.” ಅವಳು ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. “ಮತ್ತೆ ಇದು.”

ಅವಳು ಚುಕ್ಕಿಗಳ ವಿಷಯ ಹೇಳುವಾಗ ದೊಡ್ಡ ಮೇಡಂ ಒಮ್ಮೆಯೂ ತಡೆಯಲಿಲ್ಲ. ಎಪ್ಪತ್ತೊಂದರಲ್ಲಿ ಅರವತ್ತಾರು ಎಂದಾಗ ಮಾತ್ರ, “ಇನ್ನೊಂದ್ಸಲ ಹೇಳು,” ಎಂದರು. ಕೇಳಿ ಎದ್ದು ನಿಂತರು. ಮಂಡಿ ನೋವಿನಿಂದಾಗಿ ಅವರು ಎರಡು ವರ್ಷದಿಂದ ಮೆಟ್ಟಿಲಿಳಿದು ಇಲಿಮನೆಗೆ ಹೋಗಿರಲಿಲ್ಲ. ಇವತ್ತು ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಇಡುತ್ತ ಇಳಿದರು.

ಅವರನ್ನು ಬಾಗಿಲಲ್ಲಿ ಕಂಡದ್ದೇ ಸೂಲಗಿತ್ತಿ ಎದ್ದು ನಿಂತಳು. ಕೈ ಒರೆಸಿಕೊಂಡು, ನಿಲುವಂಗಿ ಸರಿಮಾಡಿಕೊಂಡು, “ಮೇಡಂ, ಇನ್ಮೇಲೆ ಸೊನ್ನೆ ಅಂತಾನೇ ಬರೀತೀನಿ,” ಎಂದಳು.

“ಬರೀರಿ. ಅದು ಆಮೇಲೆ.” ದೊಡ್ಡ ಮೇಡಂ ಟೋಪಿ, ಕೈಗವಸು ಹಾಕಿಕೊಂಡು ಸ್ಟೂಲನ್ನು ಎಳೆದು ಕೂತರು. “ಚುಕ್ಕಿ ಹಾಕೋದು ಹೇಗೆ ಅಂತ ನನಗೆ ತೋರಿಸಿ.”

ಸೂಲಗಿತ್ತಿ ಸಂಶೋಧಕಿಯ ಕಡೆ ನೋಡಿದಳು. ಇದು ಪರೀಕ್ಷೆಯೋ ಶಿಕ್ಷೆಯೋ ಎಂದು ಅವಳ ಕಣ್ಣು ಕೇಳುತ್ತಿತ್ತು. ಸಂಶೋಧಕಿ ತಲೆಯಾಡಿಸಿದಳು. ಸೂಲಗಿತ್ತಿ ಸೋಮವಾರದ ಮರಿಗಳ ಡಬ್ಬಿ ತೆಗೆದು, ಚೀಟಿಯನ್ನು ಮಗುಚಿಟ್ಟು, ಮರಿಯೊಂದನ್ನು ಎತ್ತಿ ದೊಡ್ಡ ಮೇಡಂ ಅಂಗೈ ಮೇಲೆ ಬೆನ್ನಡಿಯಾಗಿ ಮಲಗಿಸಿದಳು. ಮರಿ ಕಾಲುಗಳನ್ನು ಗಾಳಿಯಲ್ಲಿ ಆಡಿಸಿ ಮಗುಚಿಕೊಂಡಿತು.

“ಇದು ಸರಿಯಿಲ್ಲ,” ಎಂದರು ದೊಡ್ಡ ಮೇಡಂ.

“ಸರಿಯಿದೆ.”

ಇನ್ನೊಂದು. “ಇದು ಸರಿಯಿದೆ.”

“ಇಲ್ಲ ಮೇಡಂ. ತಲೆ ನೋಡಲಿಲ್ಲ ನೀವು. ಕಾಲು ನೋಡ್ತಾ ಇದ್ರಿ.” ಸೂಲಗಿತ್ತಿಯ ದನಿಯಲ್ಲಿ ಈಗ ಅಳುಕಿರಲಿಲ್ಲ. ಅವಳು ಬಗ್ಗಿ ದೊಡ್ಡ ಮೇಡಂ ಮಣಿಕಟ್ಟನ್ನು ಕೆಳಗಿನಿಂದ ಹಿಡಿದು ಸ್ವಲ್ಪ ಎತ್ತರಿಸಿದಳು. “ಉಸಿರು ಬಿಗಿ ಹಿಡೀಬೇಡಿ. ಕೈ ಬಿಗಿಯಾದ್ರೆ ಅದೂ ಬಿಗಿಯಾಗುತ್ತೆ. ನೀವು ಅವಸರ ಮಾಡಿದ್ರೆ ಅದು ಏನೂ ಹೇಳಲ್ಲ.”

“ಎಷ್ಟು ಹೊತ್ತು ಕಾಯ್ಬೇಕು?”

“ಅದಕ್ಕೆ ಎಷ್ಟು ಬೇಕೋ ಅಷ್ಟು.”

ದೊಡ್ಡ ಮೇಡಂ ಉಸಿರು ಬಿಟ್ಟು ಭುಜ ಇಳಿಸಿದರು. ಸೂಲಗಿತ್ತಿ ಮೂರನೆಯ ಮರಿಯನ್ನು ಇಟ್ಟಳು. ಸಂಶೋಧಕಿ ಇನ್ನೊಂದು ಕಡೆಯಿಂದ ಬಗ್ಗಿದಳು. ಮೂರು ತಲೆಗಳ ನಡುವೆ, ನೀಲಿ ಕೈಗವಸಿನ ಅಂಗೈ ಮೇಲೆ, ಮರಿ ಬೆನ್ನಡಿಯಾಗಿ ಬಿದ್ದಿತ್ತು. ತೆಳುಚರ್ಮದ ಕೆಳಗೆ ಹೊಟ್ಟೆಯ ಹಾಲು ಬೆಳ್ಳಗೆ ಕಾಣುತ್ತಿತ್ತು. ಅದು ತಲೆ ಎತ್ತಿತು. ಇಟ್ಟಿತು. ಅದು ಮತ್ತೆ ತಲೆ ಎತ್ತಿತು.